ಕೆಳಗಿನ ಕಾರ್ಬೊರೇಟರ್

ದೋಣಿಯ ಮೋಟರ್ ಏಳು ತಿಂಗಳ ಮೇಲೆ ವಾಪಸ್ ಬಂತು. ಬಂದರು ಕಚೇರಿಯ ಜವಾನ ಅದಕ್ಕೆ ಗೋಣಿಚೀಲ ಹೊದಿಸಿ ಜೀಪಿನಲ್ಲಿ ತಂದು, ಅಂಗಡಿಯ ಮುಂದೆ ಇಳಿಸಿ, ಮೂರು ಕಡೆ ಸಹಿ ಹಾಕಿ ಎಂದ. ಅಂಗಡಿಯ ಮುದುಕ ಮೇಸ್ತ್ರಿಯ ಮಗಳು ಹಾಕಿದಳು. ನಾಲ್ಕನೆಯ ಕಡೆ ‘ಮಾಲೀಕರ ಸಹಿ’ ಎಂದು ಅಚ್ಚಾಗಿತ್ತು. ಅಲ್ಲಿ ಯಾರು ಹಾಕಬೇಕೆಂದು ಜವಾನನಿಗೂ ತಿಳಿಯಲಿಲ್ಲ. ಮಾಲೀಕ ತೀರಿಹೋಗಿದ್ದಾನೆ, ಅವನು ಹೋದದ್ದಕ್ಕೇ ತಾನೆ ಈ ಕಾಗದಪತ್ರವೆಲ್ಲ. ಆದರೆ ಕಚೇರಿಯ ಫಾರಮ್ಮಿಗೆ ಅಷ್ಟೆಲ್ಲ ತಲೆ ಎಲ್ಲಿಂದ ಬರಬೇಕು? ಕೊನೆಗೆ ಜವಾನ ಕಿವಿ ಕೆರೆದುಕೊಂಡು, ಒಂದು ಗೀಟು ಎಳೆದುಬಿಡಿ ಅಕ್ಕಾ, ಯಾರು ನೋಡ್ತಾರೆ ಎಂದ. ಗಂಡನ ಹೆಸರಿರಬೇಕಾದ ಜಾಗದಲ್ಲಿ ಅವಳು ಗೀಟು ಎಳೆದು ಪೆನ್ನು ವಾಪಸ್ ಕೊಟ್ಟಳು.

ಅಂಗಡಿಯೆಂದರೆ ದೊಡ್ಡದೇನಲ್ಲ. ಬಂದರಿಗೆ ಇಳಿಯುವ ರಸ್ತೆಯ ನೆತ್ತಿಯಲ್ಲಿ ತಗಡಿನ ಮಾಡಿನ ಒಂದು ಕೋಣೆ, ಅದರ ಬೆನ್ನಿಗೇ ಮನೆ. ನಡುವಿನ ಬಾಗಿಲನ್ನು ಅವಳು ಹುಟ್ಟಿದಾಗಿನಿಂದ ಯಾರೂ ಮುಚ್ಚಿದ್ದಿಲ್ಲ, ಹಾಗಾಗಿ ದಿಂಬಿಗೂ ಪೆಟ್ರೋಲಿನ ವಾಸನೆ. ಅಂಗಡಿಯ ಮುಂದೆ ನೀರು ತುಂಬಿಸಿಟ್ಟ ಕಬ್ಬಿಣದ ಡ್ರಮ್ಮು. ದೋಣಿಯ ಹಿಂಬದಿಗೆ ಕಚ್ಚಿಸುವ ಮೋಟರುಗಳನ್ನು ರಿಪೇರಿಯಾದ ಮೇಲೆ ಆ ಡ್ರಮ್ಮಿನ ಅಂಚಿಗೆ ಕಚ್ಚಿಸಿ, ಫ್ಯಾನು ನೀರಲ್ಲಿ ಮುಳುಗುವ ಹಾಗೆ ಇಟ್ಟು ಓಡಿಸಿ ನೋಡುವುದು ವಾಡಿಕೆ. ನಾಲ್ಕು ಓಣಿಗೂ ಕೇಳುವಂಥ ಆ ಗಲಾಟೆಯಲ್ಲಿ ಅವಳು ತೊಟ್ಟಿಲಲ್ಲಿ ನಿದ್ದೆ ಮಾಡಿದ್ದಳಂತೆ, ಮೋಟರ್ ನಿಂತ ಕೂಡಲೇ ಅಳುತ್ತಿದ್ದಳಂತೆ. ತಾಯಿ ಬೇಗ ಹೋಗಿಬಿಟ್ಟ ಮನೆ. ಹೆಣ್ಣುಮಗುವನ್ನು ಸಾಕಿದ್ದು ಅಪ್ಪ ಮತ್ತು ಆ ಡ್ರಮ್ಮು ಎಂದು ಜನ ತಮಾಷೆ ಮಾಡುತ್ತಿದ್ದರು.

ಅಪ್ಪನನ್ನು ಬಂದರಿನಲ್ಲಿ ಕಿವಿ ಮೇಸ್ತ್ರಿ ಎನ್ನುತ್ತಾರೆ. ಪೆಟ್ರೋಲಿಗೆ ಗಾಳಿ ಬೆರೆಸಿ ಮೋಟರಿಗೆ ಕೊಡುವ ಕಾರ್ಬೊರೇಟರನ್ನು ಟ್ಯೂನಿಂಗ್ ಮಾಡುವಾಗ ಅವನು ಕಣ್ಣು ಮುಚ್ಚಿಕೊಳ್ಳುತ್ತಾನೆ. ಹೊಸಬರು ನೋಡಿದರೆ ಮುದುಕ ನಿದ್ದೆ ಹೋದ ಎಂದುಕೊಳ್ಳಬೇಕು. ಕೆಲಸವೇನೋ ಕೇಳುವುದಕ್ಕೆ ಸುಲಭ. ಪ್ರತಿ ಕಾರ್ಬೊರೇಟರಿನ ಪಕ್ಕದಲ್ಲಿ ಹಿತ್ತಾಳೆಯ ಒಂದು ಸಣ್ಣ ಸ್ಕ್ರೂ ಇರುತ್ತದೆ. ಒಳಕ್ಕೆ ತಿರುಗಿಸಿದರೆ ಮೋಟರಿಗೆ ಪೆಟ್ರೋಲು ಕಡಿಮೆ, ಹೊರಕ್ಕೆ ತಿರುಗಿಸಿದರೆ ಜಾಸ್ತಿ, ಹೊಗೆಯೂ ಜಾಸ್ತಿ. ಅದನ್ನು ತಳ ಮುಟ್ಟುವವರೆಗೆ ಮೆಲ್ಲಗೆ ಒಳಕ್ಕೆ ಬಿಟ್ಟು, ಆಮೇಲೆ ಎಣಿಸುತ್ತ ಹೊರಕ್ಕೆ ತರಬೇಕು. ಪುಸ್ತಕದಲ್ಲಿ ಬರೆದಿರುವುದು ಒಂದೂವರೆ ಸುತ್ತು. ಪುಸ್ತಕ ಬರೆದವನು ಮೋಟರನ್ನು ಹೊಸದಿದ್ದಾಗ ನೋಡಿದ್ದು, ನಾನು ಅದರ ಮುಪ್ಪಿನಲ್ಲಿ ನೋಡ್ತಿದೀನಿ ಎಂದು ಅಪ್ಪ ಹೇಳುತ್ತಿದ್ದ. ಡ್ರಮ್ಮಿನಲ್ಲಿ ಅರ್ಧ ಕೆಲಸ ಮಾತ್ರ. ಕೊನೆಗೆ ನದಿಗೆ ಇಳಿಸಿ, ಗೇರು ಹಾಕಿ, ದೋಣಿಯ ಭಾರ ಎಳೆಸಿಯೇ ನೋಡಬೇಕು. ಡ್ರಮ್ಮಿನಲ್ಲಿ ಹಾಡಿದ ಮೋಟರ್ ನೀರಿನಲ್ಲಿ ಕೆಮ್ಮಿ ನಿಂತದ್ದು ಎಷ್ಟೋ ಸಲ ಉಂಟು.

ಹದಿನೈದು ವರ್ಷ ಅಪ್ಪ ಸ್ಕ್ರೂ ತಿರುಗಿಸಿದ, ಮಗಳು ವೇಗದ ಹಿಡಿ ಹಿಡಿದಳು. ಅವನು ಗಲ್ಲ ಮೇಲೆತ್ತಿದರೆ ಜೋರು, ಇಳಿಸಿದರೆ ನಿಧಾನ. ಮಾತೇ ಇಲ್ಲ. ಪ್ಲಗ್ಗು ಬಿಚ್ಚುವುದು, ಸ್ಟಾರ್ಟರ್ ಹಗ್ಗ ಹಾಕುವುದು, ಫ್ಯಾನಿನ ಪಿನ್ನು ಬದಲಾಯಿಸುವುದು, ಎಲ್ಲಾ ಅವಳಿಗೆ ನೀರು ಕುಡಿದಷ್ಟು ಸಲೀಸು. ಜನ ಅವಳನ್ನು ಚಿಕ್ಕ ಮೇಸ್ತ್ರಿ ಎಂದೇ ಕರೆದರು. ಆದರೆ ಟ್ಯೂನಿಂಗಿನ ಸ್ಕ್ರೂಡ್ರೈವರನ್ನು ಅಪ್ಪ ಅವಳ ಕೈಗೆ ಕೊಟ್ಟದ್ದಿಲ್ಲ. ಕೇಳಿದರೆ, ಇನ್ನೂ ಟೈಮಿದೆ ಎನ್ನುತ್ತಿದ್ದ. ಮದುವೆಯಾದರೂ ಟೈಮಿತ್ತು, ಮೂವತ್ತು ತುಂಬಿದರೂ ಟೈಮಿತ್ತು. ಅವಳಿಗೆ ಒಳಗೊಳಗೇ ಉರಿ.

ವಾಪಸ್ ಬಂದ ಮೋಟರ್ ಅವಳ ಗಂಡನದು, ಒಂದರ ಮೇಲೊಂದು ಎರಡು ಕಾರ್ಬೊರೇಟರ್ ಇರುವಂಥದು. ಅವನದು ದೀಪಸ್ತಂಭದ ದ್ವೀಪಕ್ಕೆ ವಾರಕ್ಕೆರಡು ಸಲ ಸಾಮಾನು ಸಾಗಿಸುವ ಕೆಲಸ. ನದಿ ಸಮುದ್ರ ಸೇರುವ ಅಳಿವೆಯಲ್ಲಿ ಅಲೆಗಳು ಒಂದರ ಹಿಂದೊಂದು ಎದ್ದು ಬರುತ್ತವೆ. ಅಲ್ಲಿ ದೋಣಿಯವನು ಮೋಟರನ್ನು ನಿಧಾನಕ್ಕೆ ಇಟ್ಟುಕೊಂಡು ಕಾಯಬೇಕು, ಎರಡು ಅಲೆಗಳ ನಡುವೆ ಬಿಡುವು ಕಂಡ ಕ್ಷಣ ಹಿಡಿಯನ್ನು ಪೂರ್ತಿ ತಿರುಗಿಸಿ ನುಗ್ಗಿ ದಾಟಬೇಕು. ಆ ದಿನ ದಡದಲ್ಲಿ ಬಲೆ ಒಣಗಿಸುತ್ತಿದ್ದ ಇಬ್ಬರು ಎಲ್ಲವನ್ನೂ ನೋಡಿದರು. ದೋಣಿ ಕಾಯಿತು. ಬಿಡುವು ಬಂತು. ಅವನು ನುಗ್ಗಿಸಿದ. ಮೋಟರ್ ಎರಡು ಸಲ ಕೆಮ್ಮಿ ನಿಂತುಬಿಟ್ಟಿತು. ಅವನು ಹಗ್ಗ ಎಳೆಯುತ್ತಲೇ ಇದ್ದ, ದೋಣಿ ಅಡ್ಡ ತಿರುಗಿತು, ಮುಂದಿನ ಅಲೆ ಅದನ್ನು ಮಗುಚಿತು. ಮೋಟರ್ ದೋಣಿಗೆ ಕಚ್ಚಿಕೊಂಡೇ ಅವತ್ತೇ ದಡಕ್ಕೆ ಬಂತು. ಅವನು ಬಂದದ್ದು ಎರಡು ದಿನ ಬಿಟ್ಟು.

ಆ ಮೋಟರನ್ನು ಹಿಂದಿನ ಸಂಜೆಯಷ್ಟೇ ಅಪ್ಪ ಟ್ಯೂನಿಂಗ್ ಮಾಡಿದ್ದ. ಆ ವಾರ ಅವನ ಮಂಡಿ ಊದಿಕೊಂಡಿತ್ತು. ಇಳಿಜಾರು ಇಳಿದು ನದಿಗೆ ಹೋಗುವುದಕ್ಕೆ ಆಗಲಿಲ್ಲ. ಡ್ರಮ್ಮಿನಲ್ಲೇ ನೋಡಿ, ಸಾಕು ಎಂದಿದ್ದ. ಹೆಣದ ಮುಂದೆ ಸೇರಿದ ಅಷ್ಟೂ ಜನರ ಎದುರು ಅವನು ಗೋಡೆಗೆ ಕೈ ಕೊಟ್ಟು ನಿಂತು, ನಾನು ನೀರಿಗೆ ಇಳಿಸಿ ನೋಡಲಿಲ್ಲ, ನನ್ನ ಕೈಯಿಂದಲೇ ಹೋದ ಎಂದ. ಜನ ಸಮಾಧಾನ ಹೇಳಿದರು. ಸಮುದ್ರದ ಲೆಕ್ಕ ಯಾರಿಗೆ ಗೊತ್ತು ಎಂದರು. ಅಪ್ಪನ ಕಿವಿಗೆ ಅದು ಹೋಗಲಿಲ್ಲ. ಅಂದಿನಿಂದ ಅವನು ಒಂದು ಕಾರ್ಬೊರೇಟರನ್ನೂ ಮುಟ್ಟಲಿಲ್ಲ. ಹಗ್ಗ ಹೊಸೆದುಕೊಂಡು, ತುಕ್ಕು ಉಜ್ಜಿಕೊಂಡು ಕೂತ. ಊಟಕ್ಕೆ ಕರೆದರೆ ಬಂದ, ಕರೆಯದಿದ್ದರೆ ಇಲ್ಲ.

ಅಪ್ಪ ಆ ಮಾತು ಆಡಿದಾಗ ಮಗಳು ಬಾಯಿ ತೆರೆಯಬೇಕಿತ್ತು. ತೆರೆಯಲಿಲ್ಲ. ಏಕೆಂದರೆ ಅಪ್ಪ ಟ್ಯೂನಿಂಗ್ ಮಾಡಿಕೊಟ್ಟ ಮಾರನೆಯ ಬೆಳಿಗ್ಗೆ, ಅವನು ಸ್ನಾನಕ್ಕೆ ಹೋಗಿದ್ದಾಗ, ಅದೇ ಸ್ಕ್ರೂಡ್ರೈವರ್ ತೆಗೆದುಕೊಂಡು ಕೆಳಗಿನ ಕಾರ್ಬೊರೇಟರಿನ ಸ್ಕ್ರೂವನ್ನು ಅವಳು ಅರ್ಧ ಸುತ್ತು ಒಳಕ್ಕೆ ತಿರುಗಿಸಿದ್ದಳು. ಗಂಡ ಹೊಗೆಗೆ ತಲೆ ನೋಯುತ್ತದೆ ಎಂದಿದ್ದ. ಮಾವನ ಮುಂದೆ ಹೇಳುವ ಧೈರ್ಯ ಅವನಿಗಿಲ್ಲ, ಹೆಂಡತಿಯ ಮುಂದೆ ಹೇಳಿದ್ದ. ಹೊರಡುವ ಮುಂಚೆ ಅವನು ಮೋಟರನ್ನು ಡ್ರಮ್ಮಿನಲ್ಲಿ ಓಡಿಸುವುದು ಮಾಮೂಲು, ಆ ಸದ್ದಿಗೆ ಅಪ್ಪ ಏನೂ ಅಂದುಕೊಳ್ಳಲಿಲ್ಲ. ಅರ್ಧ ಸುತ್ತು, ಅಷ್ಟೇ. ಗಡಿಯಾರಕ್ಕೆ ಕೀಲಿ ಕೊಡುವುದಕ್ಕೂ ಅದಕ್ಕಿಂತ ಹೆಚ್ಚು ತಿರುಗಿಸಬೇಕಾಗುತ್ತದೆ.

ಮೊದಲ ದಿನ ಹೇಳದ ಮಾತನ್ನು ಎರಡನೆಯ ದಿನ ಹೇಳುವುದು ಹೆಚ್ಚು ಕಷ್ಟ, ತಿಂಗಳಾದ ಮೇಲೆ ಕೇಳುವುದೇ ಬೇಡ. ಅವಳಿಗೆ ಒಂದೇ ಒಂದು ಆಸರೆ ಉಳಿದಿತ್ತು, ಅದನ್ನು ಹಿಡಿದುಕೊಂಡೇ ಏಳು ತಿಂಗಳು ದೂಡಿದ್ದಳು. ಈ ಮೋಟರಿಗೆ ಅಪ್ಪ ಇಡುತ್ತಿದ್ದುದು ಪುಸ್ತಕದ ಒಂದೂವರೆಯೇ ಎಂದು ಅವಳು ತಿಳಿದಿದ್ದಳು. ಅದರಲ್ಲಿ ಅರ್ಧ ಹೋದರೆ ಒಂದು ಉಳಿಯಿತು. ಒಂದು ಸುತ್ತಿಗೆ ಮೋಟರ್ ನಿಲ್ಲುವುದಿಲ್ಲ. ಸ್ವಲ್ಪ ಸೊರಗಬಹುದು, ಆದರೆ ಓಡುತ್ತದೆ. ಹಾಗಾದರೆ ನಾನಲ್ಲ. ಹಾಗಾದರೆ ಅಪ್ಪನೂ ಅಲ್ಲ. ಪಾತ್ರೆ ತೊಳೆಯುವಾಗ, ಬಟ್ಟೆ ಹಿಂಡುವಾಗ ಈ ಲೆಕ್ಕವನ್ನು ಅವಳು ಎಷ್ಟು ಸಲ ಮಾಡಿದಳೋ.

ಈಗ ಮೋಟರ್ ಬಂದಿತ್ತು. ಗುಜರಿಯವನಿಗೆ ಹಾಕಿಬಿಡೋಣ ಎಂದು ಅವಳು ಎರಡು ಸಲ ಹೇಳಿ ನೋಡಿದಳು. ಅಪ್ಪ ಕೇಳಲಿಲ್ಲ. ತನಿಖೆಗೆಂದು ಒಯ್ದಿದ್ದ ಕಚೇರಿಯವರು ಮೇಲಿನ ಮುಚ್ಚಳ ತೆಗೆದು, ಸಿಹಿನೀರು ಹೊಯ್ದು, ಫೋಟೋ ತೆಗೆದು ಸುಮ್ಮನಿದ್ದರು. ಸ್ಕ್ರೂ ಎಣಿಸುವ ಬುದ್ಧಿ ಅವರಿಗೆ ಎಲ್ಲಿಂದ ಬರಬೇಕು? ಅಪ್ಪ ಎರಡು ದಿನ ಹಿತ್ತಾಳೆಯ ಸ್ಕ್ರೂಗಳಿಗೆ ತೊಟ್ಟು ತೊಟ್ಟಾಗಿ ಎಣ್ಣೆ ಬಿಟ್ಟ, ಉಪ್ಪು ಬಿಡಲಿ ಎಂದು. ಗುರುವಾರ ಮಧ್ಯಾಹ್ನ ಊಟವಾದ ಮೇಲೆ ಟ್ಯೂನಿಂಗಿನ ಸ್ಕ್ರೂಡ್ರೈವರನ್ನು ಏಳು ತಿಂಗಳಲ್ಲಿ ಮೊದಲ ಸಲ ಮೊಳೆಯಿಂದ ತೆಗೆದ.

“ಗೊತ್ತಾಗ್ಲಿ ಪುಟ್ಟಿ,” ಎಂದ. “ಗೊತ್ತಿಲ್ದೆ ನಂಗೆ ಸಾಯೋಕೂ ಆಗ್ತಿಲ್ಲ.”

ಮೇಲಿನ ಕಾರ್ಬೊರೇಟರನ್ನು ಅವನೇ ಎಣಿಸಿದ. ಸ್ಕ್ರೂ ಮೆಲ್ಲಗೆ ಒಳಗೆ ಹೋಗಿ ತಳ ಮುಟ್ಟಿತು. ಒಂದೂವರೆ. ನಾನಿಟ್ಟ ಹಾಗೇ ಇದೆ ಎಂದು ಉಸಿರು ಬಿಟ್ಟ. ಕೆಳಗಿನದಕ್ಕೆ ಕುಕ್ಕರಗಾಲಲ್ಲಿ ಕೂರಬೇಕು. ಅವನು ಎರಡು ಸಲ ಪ್ರಯತ್ನಪಟ್ಟ. ಮಂಡಿ ಬಾಗಲಿಲ್ಲ. ಸ್ಟೂಲಿನ ಮೇಲೆ ಕೂತು, ನೀನೇ ನೋಡು ಎಂದು ಸ್ಕ್ರೂಡ್ರೈವರನ್ನು ಅವಳ ಕೈಗೆ ಕೊಟ್ಟ. ಹದಿನೈದು ವರ್ಷ ಕಾದು ಕಾದು ಸಿಗದೆ ಇದ್ದದ್ದು ಹೀಗೆ ಸಿಕ್ಕಿತು. ಆಮೇಲೆ ಅವನು ತನ್ನ ಅಭ್ಯಾಸದಂತೆ ಕಣ್ಣು ಮುಚ್ಚಿಕೊಂಡ.

ಈ ಎಣಿಕೆಗೆ ಎರಡನೆಯ ಸಲ ಎನ್ನುವುದಿಲ್ಲ. ಸ್ಕ್ರೂ ತಳ ಮುಟ್ಟಿದ ಮೇಲೆ ಅದು ಮೊದಲು ಎಲ್ಲಿತ್ತು ಎನ್ನುವುದಕ್ಕೆ ಎಣಿಸಿದವರ ಬಾಯಿಯೊಂದೇ ಸಾಕ್ಷಿ. ಅವಳು ಕೂತಳು, ಸ್ಕ್ರೂವಿನ ಸೀಳಿಗೆ ಸ್ಕ್ರೂಡ್ರೈವರ್ ಹೊಂದಿಸಿದಳು. ಒಂದು ಬರಲಿ, ಒಂದು ಬರಲಿ ಎಂದು ಮನಸ್ಸಿನಲ್ಲೇ ಅಂದುಕೊಂಡು ತಿರುಗಿಸಿದಳು. ಕಾಲು ಸುತ್ತು. ಅರ್ಧ. ಅಲ್ಲಿಗೇ ನಿಂತಿತು. ಕೊಳೆ ಸಿಕ್ಕಿರಬೇಕೆಂದು ಸ್ವಲ್ಪ ಅದುಮಿ ನೋಡಿದಳು. ಕೊಳೆಯಲ್ಲ, ತಳ.

ಅರ್ಧ.

ಅರ್ಧ ಸುತ್ತಿಗೆ ಮೋಟರ್ ಡ್ರಮ್ಮಿನಲ್ಲಿ ಚೆನ್ನಾಗಿ ಓಡುತ್ತದೆ, ಹೊಗೆಯೂ ಇರುವುದಿಲ್ಲ. ಭಾರ ಬಿದ್ದು ತಟ್ಟನೆ ಹಿಡಿ ತಿರುಗಿಸಿದರೆ ಪೆಟ್ರೋಲು ಸಾಲದೆ ಕೆಮ್ಮಿ ನಿಲ್ಲುತ್ತದೆ. ಇದು ಅವಳಿಗೆ ಚೆನ್ನಾಗಿ ಗೊತ್ತು. ಆದರೆ ಒಂದೂವರೆಯಲ್ಲಿ ತಾನು ತೆಗೆದದ್ದು ಅರ್ಧ ಮಾತ್ರ. ಇನ್ನರ್ಧ ಎಲ್ಲಿ ಹೋಯಿತು? ಒಂದೇ ಉತ್ತರ. ಅಪ್ಪ ಆ ಸಂಜೆ ಲೆಕ್ಕ ತಪ್ಪಿದ್ದ. ಒಂದೂವರೆಗೆ ಬದಲು ಒಂದಕ್ಕೆ ಇಟ್ಟಿದ್ದ. ತಪ್ಪಿನಲ್ಲಿ ಅಪ್ಪನದೂ ಪಾಲಿದೆ ಎಂದು ತಿಳಿದಾಗ ಅವಳ ಎದೆಯಲ್ಲಿ ಏನೋ ಹಗುರಾಯಿತು. ಹಗುರಾಯಿತು ಎಂದರೆ ಸಂತೋಷವೇ ಆಯಿತು, ಮುಚ್ಚುಮರೆ ಯಾಕೆ? ಮರುಕ್ಷಣವೇ ಆ ಸಂತೋಷಕ್ಕೆ ಅವಳಿಗೆ ತನ್ನ ಮೇಲೇ ಹೇಸಿಗೆ ಬಂತು. ಎದುರಿಗೆ ಅಪ್ಪ ಕಣ್ಣು ಮುಚ್ಚಿ ಕೂತಿದ್ದ, ಕತ್ತಿನ ನರ ಉಬ್ಬಿಸಿಕೊಂಡು, ತೀರ್ಪಿಗೆ ಕಾಯುವವನ ಹಾಗೆ. ಈ ಮುದುಕನಿಗೆ ನಿಜ ಹೇಳಿ ಕೊಲ್ಲುವುದು ಬೇಡ, ನಾನು ಅವನನ್ನು ಕ್ಷಮಿಸಿಬಿಡುತ್ತೇನೆ ಎಂದುಕೊಂಡಳು. ಕ್ಷಮಿಸುವ ಜಾಗದಲ್ಲಿ ತಾನು ಕೂತಿದ್ದೇನೆ ಎಂದೇ ನಂಬಿದಳು.

“ಒಂದೂವರೆ,” ಎಂದಳು.

ಅಪ್ಪ ಕಣ್ಣು ಬಿಟ್ಟ. “ಎಷ್ಟು?”

“ಒಂದೂವರೆ ಅಪ್ಪಾ. ಮೇಲಿನದ್ರ ಹಾಗೇ.”

ಅಪ್ಪ ಮುಂದಕ್ಕೆ ಬಾಗಿ ಕೆಳಗಿನ ಕಾರ್ಬೊರೇಟರನ್ನು ನೋಡಿದ. ಆಮೇಲೆ, “ಕೆಳಗಿನದನ್ನ ನಾನು ಒಂದಕ್ಕಿಂತ ಮೇಲೆ ಬಿಟ್ಟಿದ್ದೇ ಇಲ್ವಲ್ಲ,” ಎಂದ.

ಅವನು ಹೇಳಿದ್ದು ಇಷ್ಟು. ಆರು ವರ್ಷದ ಕೆಳಗೆ ಕೆಳಗಿನ ಕಾರ್ಬೊರೇಟರಿನ ಜೆಟ್ ಒಡೆದುಹೋಗಿತ್ತು. ಪೆಟ್ರೋಲು ಹಾಯುವ ತೂತಿನ ಹಿತ್ತಾಳೆ ತುಂಡು ಅದು. ಸರಿಯಾದದ್ದು ಎಲ್ಲೂ ಸಿಗದೆ, ಬೇರೆ ಮೋಟರಿನದೊಂದನ್ನು ಕೂರಿಸಿದ್ದ. ಅದರ ತೂತು ದೊಡ್ಡದು, ಆದ್ದರಿಂದ ಸ್ಕ್ರೂ ಒಂದೇ ಸುತ್ತಿಗೆ ನಿಲ್ಲಬೇಕು. ಒಂದಕ್ಕೂ ಅದು ಸ್ವಲ್ಪ ಹೊಗೆ ಬಿಡುತ್ತದೆ. ಬಿಡಲಿ, ಹೊಗೆ ಬಿಟ್ಟರೆ ತಲೆ ನೋಯುತ್ತದೆ ಅಷ್ಟೇ, ಅಳಿವೆಯಲ್ಲಿ ಕೈಕೊಡುವುದಿಲ್ಲ ಎಂದು ಬೇಕೆಂದೇ ಹಾಗೆ ಬಿಟ್ಟಿದ್ದ. ಯಾರಿಗೂ ಹೇಳಿರಲಿಲ್ಲ. ಇದೇನು ಡಂಗುರ ಸಾರುವ ವಿಷಯವೇ? ಸ್ಕ್ರೂ ಮುಟ್ಟುವವರು ಮೊದಲು ಎಣಿಸುತ್ತಾರೆ, ಎಣಿಸಿದರೆ ತಾನಾಗಿಯೇ ಗೊತ್ತಾಗುತ್ತದೆ.

ಮಗಳು ಕುಕ್ಕರಗಾಲಲ್ಲಿದ್ದವಳು ಹಾಗೇ ನೆಲಕ್ಕೆ ಕೂತುಬಿಟ್ಟಳು. ಒಂದರಲ್ಲಿ ಅರ್ಧ ಹೋದರೆ ಅರ್ಧ. ಅಪ್ಪನ ಲೆಕ್ಕ ಎಲ್ಲೂ ತಪ್ಪಿರಲಿಲ್ಲ. ಪಾಲು ಕೊಡುವುದಕ್ಕೆ ಅಲ್ಲಿ ಏನೂ ಇರಲಿಲ್ಲ. ಎಲ್ಲವೂ ಅವಳದೇ.

ಅಪ್ಪ ಮಾತ್ರ ಬೇರೆ ದಾರಿ ಹಿಡಿದಿದ್ದ. ಒಂದೂವರೆ ಬಂದಿದೆ ಎಂದರೆ ಯಾರೋ ಅರ್ಧ ಸುತ್ತು ಹೊರಕ್ಕೆ ಬಿಟ್ಟಿದ್ದಾರೆ. ಆ ದೊಡ್ಡ ತೂತಿಗೆ ಒಂದೂವರೆ ಎಂದರೆ ಪೆಟ್ರೋಲು ಮಿತಿಮೀರುತ್ತದೆ. ಅಳಿವೆಯಲ್ಲಿ ಕಾಯುವಾಗ ಪ್ಲಗ್ಗು ನೆನೆದು, ನುಗ್ಗಿಸುವಾಗ ಮೋಟರ್ ಉಸಿರುಕಟ್ಟಿ ನಿಂತಿದೆ. ಯಾರು ಬಿಟ್ಟವರು? ಮತ್ತ್ಯಾರು, ಮೋಟರಿನವನೇ. ದಾರಿಯಲ್ಲಿ ತಾನೇ ಕೈಯಾಡಿಸಿದ್ದಾನೆ.

“ಮುಟ್ಬೇಡ ಅಂತ ಸಾವಿರ ಸಲ ಹೇಳಿದ್ದೆ ಅವನಿಗೆ,” ಎಂದ ಅಪ್ಪ. ಧ್ವನಿ ಒಡೆದಿತ್ತು, ಆದರೆ ಅದರಲ್ಲಿ ಜೀವವಿತ್ತು. “ನನ್ನ ಕೈಯಿಂದ ಅಲ್ಲ ಪುಟ್ಟಿ. ತಾನೇ ಮಾಡ್ಕೊಂಡ. ಪೆದ್ದ ಹುಡುಗ, ತಾನೇ ಮಾಡ್ಕೊಂಡ.”

ಅವನು ಗೋಡೆ ಹಿಡಿಯದೆ ಸ್ಟೂಲಿನಿಂದ ಎದ್ದ. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಅಂಗಡಿಯ ಆ ತುದಿಗೆ ಹೋಗಿ ಈ ತುದಿಗೆ ಬಂದ. ಬೆನ್ನು ನೆಟ್ಟಗಾಗಿತ್ತು. ಒಂದು ಲೋಟ ಟೀ ಮಾಡ್ತೀಯಾ ಎಂದು ಕೇಳಿದ. ಏಳು ತಿಂಗಳಲ್ಲಿ ಅಪ್ಪ ತಾನಾಗಿ ಬಾಯಿಬಿಟ್ಟು ಒಂದನ್ನು ಕೇಳಿದ್ದು ಅದೇ ಮೊದಲು.

ಅವಳು ಏಳಲಿಲ್ಲ. ಟೀ ಮಾಡಿಕೊಟ್ಟು ಸುಮ್ಮನಿದ್ದರೆ ಅಪ್ಪ ಬದುಕಿಕೊಳ್ಳುತ್ತಾನೆ ಎಂದು ಅವಳಿಗೆ ಕಾಣುತ್ತಿತ್ತು. ನಾಳೆಯೇ ಅಂಗಡಿ ತೆರೆಯುತ್ತಾನೆ, ನಾಡಿದ್ದು ಬೈಯುವುದಕ್ಕೆ ಶುರುಮಾಡುತ್ತಾನೆ, ಇನ್ನು ಹತ್ತು ವರ್ಷ ಕಣ್ಣು ಮುಚ್ಚಿಕೊಂಡು ಟ್ಯೂನಿಂಗ್ ಮಾಡುತ್ತಾನೆ. ಅವಳ ತಪ್ಪನ್ನು ಯಾರೂ ಕೇಳುವವರಿಲ್ಲ. ಬಂದರಿನಲ್ಲಿ ಮಾತ್ರ ಜನ, ಆ ಹುಡುಗ ತಾನೇ ಸ್ಕ್ರೂ ಮುಟ್ಟಿ ಸತ್ತನಂತೆ ಎಂದು ಹೇಳಿಕೊಂಡು ತಿರುಗುತ್ತಾರೆ. ಅವನು ಜೀವಮಾನದಲ್ಲಿ ಒಂದು ಸ್ಕ್ರೂ ಮುಟ್ಟಿದವನಲ್ಲ. ಬಲ್ಬು ಬದಲಾಯಿಸುವುದಕ್ಕೂ ಅವಳನ್ನೇ ಕರೆಯುತ್ತಿದ್ದ. ಹೆಂಡತಿಯ ಕೈಯನ್ನು ನಂಬಿದ್ದ, ಅದೊಂದೇ ಅವನು ಮಾಡಿದ್ದು.

“ಅಪ್ಪಾ, ಕೂತ್ಕೋ,” ಎಂದಳು. “ಒಂದೂವರೆ ಅಲ್ಲ. ಅರ್ಧ ಬಂತು. ಅವರು ಮುಟ್ಟಿಲ್ಲ. ನಾನು ಒಳಗೆ ತಿರುಗಿಸಿದ್ದೆ. ಅವತ್ತು ಬೆಳಿಗ್ಗೆ, ನೀನು ಸ್ನಾನಕ್ಕೆ ಹೋದಾಗ.”

ಅಪ್ಪ ನಿಂತಲ್ಲೇ ನಿಂತ. ಹೊರಗೆ ಯಾರದೋ ಸೈಕಲ್ಲು ಇಳಿಜಾರಿನಲ್ಲಿ ಬ್ರೇಕು ಹಾಕಿಕೊಂಡು ಕಿರುಗುಟ್ಟುತ್ತ ಹೋಯಿತು.

“ಎಣಿಸಿದ್ಯಾ?” ಎಂದು ಕೇಳಿದ.

“ಇಲ್ಲ.”

ಅವನು ಸ್ಟೂಲಿಗೆ ವಾಪಸ್ ಬಂದು ಕೂತ. ಅವಳು ಏಟಿಗೆ ಕಾದಳು. ಚಿಕ್ಕವಳಿದ್ದಾಗಲೂ ಅವನು ಹೊಡೆದವನಲ್ಲ, ಆದರೂ ಕಾದಳು. ಹೊಡೆದಿದ್ದರೆ ಚೆನ್ನಾಗಿರುತ್ತಿತ್ತು. ಏಳು ತಿಂಗಳು ಎಂದ ಅಪ್ಪ. ಮತ್ತೊಮ್ಮೆ, ಏಳು ತಿಂಗಳು ನನ್ನ ಎದುರಿಗೇ ಕೂತು ಉಂಡೆಯಲ್ಲ ಎಂದ. ಸಿಟ್ಟು ಅವನ ಮುಖಕ್ಕೆ ಬಂತು, ಸ್ವಲ್ಪ ಹೊತ್ತು ಇತ್ತು, ಆಮೇಲೆ ನಿಲ್ಲಲಾರದೆ ಹೋಯಿತು. ಉಳಿದದ್ದು ಮಗಳ ಮುಖ ನೋಡುತ್ತಿರುವ ಒಬ್ಬ ಮುದುಕ.

“ಜೆಟ್ ಬದಲಾಯ್ಸಿದ್ದು ನಿಂಗೆ ಹೇಳ್ಬೇಕಿತ್ತು ನಾನು,” ಎಂದ. “ನೀರಿಗೂ ಇಳಿಸ್ಲಿಲ್ಲ.”

“ಬೇಡ ಅಪ್ಪಾ. ನೀನು ಒಂದಕ್ಕೆ ಇಟ್ಟಿದ್ದೆ. ಸರಿಯಾಗೇ ಇಟ್ಟಿದ್ದೆ.”

ಆಮೇಲೆ ಅಪ್ಪ ಕೇಳಿದ್ದನ್ನು ಅವಳು ನಿರೀಕ್ಷಿಸಿರಲಿಲ್ಲ. ಯಾಕೆ ಮಾಡಿದೆ ಎಂದು ಕೇಳಲಿಲ್ಲ, ಯಾಕೆ ಮುಚ್ಚಿಟ್ಟೆ ಎಂದೂ ಕೇಳಲಿಲ್ಲ. ಅವತ್ತು ಅವನು ಹೋಗುವಾಗ ಹೇಗಿದ್ದ ಎಂದು ಕೇಳಿದ.

ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಹೇಗೆ ಹೇಳುವುದು? ಆ ಬೆಳಗಿನ ಅರ್ಧ ಗಂಟೆಯ ನಟ್ಟನಡುವೆ ಆ ಸ್ಕ್ರೂ ಇತ್ತು. ಕೊನೆಯ ಸಲ ಏನಂದ, ಊಟ ಮಾಡಿದನಾ ಎಂದು ಊರವರು ಕೇಳಿದಾಗಲೆಲ್ಲ, ನಾನು ಒಳಗಿದ್ದೆ, ನೋಡಲಿಲ್ಲ ಎಂದು ಹೇಳಿ ಹೇಳಿ, ಅವಳೇ ಆ ಬೆಳಗನ್ನು ನೆನೆಯುವುದು ಬಿಟ್ಟುಬಿಟ್ಟಿದ್ದಳು. ತಪ್ಪನ್ನು ಬಚ್ಚಿಡಲು ಹೋಗಿ ಗಂಡನನ್ನೂ ಅದರ ಜೊತೆಗೇ ಬಚ್ಚಿಟ್ಟಿದ್ದಳು.

ಈಗ ಹೇಳಿದಳು. ಅವನು ಡ್ರಮ್ಮಿನ ಪಕ್ಕ ನಿಂತು, ಮಾವನ ಹಾಗೇ ಕಣ್ಣು ಮುಚ್ಚಿ, ಗಲ್ಲ ಮೇಲೆತ್ತಿ, ಗಲ್ಲ ಇಳಿಸಿ ಅಣಕಿಸಿದ್ದು. ಅವಳು ನಗು ತಡೆಯಲಾರದೆ, ಅಪ್ಪನಿಗೆ ಕೇಳುತ್ತದೆ ಸುಮ್ಮನಿರಿ ಎಂದು ಸೆರಗು ಬಾಯಿಗೆ ಅಡ್ಡ ಇಟ್ಟುಕೊಂಡದ್ದು. ಹೊಗೆ ನಿಂತು ಮೋಟರ್ ತೆಳ್ಳಗೆ ಹಾಡತೊಡಗಿದಾಗ ಅವನು ಎರಡೂ ಕೈ ಮುಗಿದು, ಮೇಸ್ತ್ರಮ್ಮಾ, ಇನ್ಮೇಲೆ ಇದು ನಿಮ್ಮ ಕೈಗೇ ಎಂದದ್ದು. ಅವಳಿಗೆ ಆಗ ಎಷ್ಟು ಹೆಮ್ಮೆಯಾಯಿತು ಎನ್ನುವುದನ್ನೂ ಹೇಳಿದಳು, ಬಿಡಲಿಲ್ಲ. ಆಮೇಲೆ ಅವನು ಮೋಟರನ್ನು ಕೈಗಾಡಿಯಲ್ಲಿ ಮಲಗಿಸಿ ಇಳಿಜಾರಿಗೆ ಹೊರಟ. ಭಾರದ ಗಾಡಿ ಜಾರಿಹೋಗದಂತೆ ತಡೆಯುವವನು ಗಾಡಿಯ ಮುಂದೆ, ಅದಕ್ಕೆ ಎದುರಾಗಿ ನಿಂತು, ಹಿಂದಿಂದಕ್ಕೆ ಹೆಜ್ಜೆ ಇಡಬೇಕು.

“ಹಂಗಾಗಿ ಮುಖ ಈ ಕಡೆಗೇ ಇತ್ತು ಅಪ್ಪಾ,” ಎಂದಳು. “ಬಿದ್ದೀರಾ, ಹಿಂದೆ ನೋಡ್ಕೊಳ್ಳಿ ಅಂದೆ. ನೋಡ್ಕೊಳ್ಳಲೇ ಇಲ್ಲ. ತಿರುವಿನವರೆಗೂ ನನ್ನೇ ನೋಡ್ತಾ, ನಗ್ತಾ ಹೋದ್ರು.”

ಅಷ್ಟು ಹೇಳುವ ಹೊತ್ತಿಗೆ ಅವಳು ಅತ್ತುಬಿಟ್ಟಳು. ಏಳು ತಿಂಗಳು ಅವಳು ಅತ್ತಿದ್ದಳು, ಇಲ್ಲವೆಂದಲ್ಲ, ಆದರೆ ಅದೆಲ್ಲ ಸಿಕ್ಕಿಬೀಳುವ ಭಯಕ್ಕೆ, ಲೆಕ್ಕ ತಪ್ಪುವ ಭಯಕ್ಕೆ. ಈಗ ಅಳು ಬಂದದ್ದು ಆ ಮನುಷ್ಯನಿಗಾಗಿ. ಅವನು ಬೇಕಿತ್ತು, ಇಲ್ಲ, ಇನ್ನು ಬರುವುದಿಲ್ಲ. ಅಪ್ಪ ಊದಿದ ಮಂಡಿಯನ್ನು ಎರಡೂ ಕೈಯಲ್ಲಿ ಹಿಡಿದು, ನೋವಿಗೆ ಹಲ್ಲು ಕಚ್ಚಿಕೊಂಡು, ನೆಲಕ್ಕೆ ಇಳಿದು ಅವಳ ಪಕ್ಕ ಕೂತ. ಆಮೇಲೆ ಏನಾಯಿತು, ಇನ್ನೊಂದು ಸಲ ಹೇಳು ಎಂದ. ಅವಳು ಮೊದಲಿನಿಂದ ಹೇಳತೊಡಗಿದಳು.